ಗ್ರೇವಿ ಯಾರದು?

ಬೀದಿ ದೀಪಗಳು ಇನ್ನೂ ಆರಿಲ್ಲ. ಹೋಟೆಲಿನ ಮುಂಬಾಗಿಲು ಮುಚ್ಚಿದೆ, ಹಿಂದಿನ ಓಣಿಯ ಕಿಟಕಿಯಿಂದ ಮಾತ್ರ ಹೊಗೆ ಬರುತ್ತಿದೆ. ಒಳಗೆ, ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಪಾತ್ರೆಯ ಮುಂದೆ, ಇಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಅಡುಗೆಯವಳು ನಿಂತಿದ್ದಾಳೆ. ತಲೆಗೆ ಬಟ್ಟೆ, ಕೈಯಲ್ಲಿ ಉದ್ದ ಹಿಡಿಯ ಸೌಟು. ಅರೆದ ಈರುಳ್ಳಿ ಕುದಿದು ಕುದಿದು ಕೆಂಪಗಾಗುತ್ತಿದೆ. ಸೌಟು ಒಂದು ಗಳಿಗೆ ನಿಂತರೂ ತಳ ಹಿಡಿಯುತ್ತದೆ, ಆದ್ದರಿಂದ ಮಾತಾಡಿಸಿದರೂ ಅವಳು ತಿರುಗಿ ನೋಡುವುದಿಲ್ಲ.

ದಿನಕ್ಕೆ ಎರಡು ಮೂಟೆ ಈರುಳ್ಳಿ, ಒಂದೂವರೆ ಕ್ರೇಟು ಟೊಮೆಟೊ. ಶುಂಠಿ, ಬೆಳ್ಳುಳ್ಳಿಗೆ ಲೆಕ್ಕವಿಲ್ಲ. ಪಾತ್ರೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು ತೇಲುವವರೆಗೆ ಹುರಿಯಬೇಕು. ಅದಕ್ಕೆ ಮುಂಚೆ ಇಳಿಸಿದರೆ ಹಸಿ ವಾಸನೆ ಉಳಿಯುತ್ತದೆ. ಅಕ್ಕ ಸೌಟನ್ನು ಪಕ್ಕಕ್ಕೆ ಇಡುವವರೆಗೆ ಪಾತ್ರೆಯನ್ನು ಯಾರೂ ಮುಟ್ಟುವಂತಿಲ್ಲ, ಮಾಲೀಕರೂ ಅಷ್ಟೆ. “ಈರುಳ್ಳಿ ಹೆಚ್ಚಿ ಹೆಚ್ಚಿ ಕಣ್ಣಲ್ಲಿ ನೀರೇ ಉಳಿದಿಲ್ಲ. ಸಾವಿನ ಮನೆಗೆ ಹೋದ್ರೂ ಅಳು ಬರಲ್ಲ, ಜನ ತಪ್ಪು ತಿಳ್ಕೋತಾರೆ” ಎನ್ನುತ್ತಾಳೆ.

ಗ್ರೇವಿ ಅನ್ನುವುದು ಇಂಗ್ಲಿಷಿನವರ ಮಾತು. ಅವರಲ್ಲಿ ಮಾಂಸ ಬೇಯುವಾಗ ಇಳಿದ ರಸಕ್ಕೆ ಒಂದಿಷ್ಟು ಹಿಟ್ಟು ಕದಡಿ ಮಂದ ಮಾಡಿದರೆ ಗ್ರೇವಿ. ನಮ್ಮ ಬಾಯಿಗೆ ಬಂದ ಮೇಲೆ ಅದು ಮಾಂಸದ ಹಂಗು ಬಿಟ್ಟಿತು. ತಟ್ಟೆಯಲ್ಲಿ ನೀರಿನ ಹಾಗೆ ಹರಿಯದ, ಗಟ್ಟಿಯಾಗಿ ಕೂರಲೂ ಒಪ್ಪದ ಎಲ್ಲವೂ ಈಗ ಗ್ರೇವಿಯೇ. ಸಪ್ಲೈಯರ್ ಬಂದು “ಗ್ರೇವಿನಾ, ಡ್ರೈನಾ?” ಎಂದು ಕೇಳುತ್ತಾನೆ. ಗಿರಾಕಿ “ಇನ್ನೊಂಚೂರು ಗ್ರೇವಿ ಹಾಕಪ್ಪ” ಎಂದು ಪುಕ್ಕಟೆ ಹಾಕಿಸಿಕೊಳ್ಳುತ್ತಾನೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಾತ್ರ ಈ ಪದದ ಬಳಕೆ ಬಿಗಿ. ಇನ್ನೂ ಯಾವ ಅಡುಗೆಯೂ ಆಗದೆ ಪಾತ್ರೆಯಲ್ಲಿ ಕಾದು ಕೂತಿರುವುದಷ್ಟೇ ಅಲ್ಲಿ ಗ್ರೇವಿ. ಅದರೊಳಗೆ ಬಟಾಣಿ ಬಿದ್ದರೆ ಒಂದು ಹೆಸರು, ಕೋಳಿ ಬಿದ್ದರೆ ಮತ್ತೊಂದು ಹೆಸರು. ಹೆಸರು ಬಂದದ್ದೇ ತಡ, ಅದು ಅಕ್ಕನ ಕೈ ಬಿಟ್ಟು ಮುಂದಿನ ಕೌಂಟರಿನದಾಗುತ್ತದೆ.

ಆ ಕೌಂಟರಿನಲ್ಲಿ, ಗಾಜಿನ ಹಿಂದೆ, ಎತ್ತರದ ಬಿಳಿ ಟೋಪಿ ಹಾಕಿಕೊಂಡು ನಿಲ್ಲುವವಳು ಅಕ್ಕನ ಓರಗಿತ್ತಿ.

ಗಂಡ ಮೂಟೆ ಹೊರುವಾಗ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅಕ್ಕ ಈ ಅಡುಗೆಮನೆಗೆ ಬಂದಳು, ಸಿಪ್ಪೆ ಸುಲಿಯುವುದಕ್ಕೆ. ಮುದುಕ ಭಟ್ಟರೊಬ್ಬರು ಬೈದು ಬೈದು ಗ್ರೇವಿ ಕಲಿಸಿದರು. ಮೈದುನನ ಮದುವೆಯಾದ ಮೇಲೆ, ಮನೆಯಲ್ಲಿ ಸುಮ್ಮನೆ ಕೂತಿದ್ದ ಅವನ ಹೆಂಡತಿಯನ್ನು ಕೈ ಹಿಡಿದು ಇಲ್ಲಿಗೆ ಕರೆತಂದವಳೂ ಅವಳೇ. ಹುಡುಗಿ ಚುರುಕು, ನಕ್ಕರೆ ಲಕ್ಷಣ. ಮಾಲೀಕರು ಅವಳನ್ನು ಮುಂದೆ ನಿಲ್ಲಿಸಿದರು. ಒಂದು ಸೌಟು ಗ್ರೇವಿಯನ್ನು ಬಾಣಲೆಗೆ ಸುರಿದು, ಬೆಂಕಿ ಎಬ್ಬಿಸಿ, ಮೇಲೆ ಕೊತ್ತಂಬರಿ ಉದುರಿಸಿ ಕೊಡುವ ಕೆಲಸ. ಜನ ಬೆರಳು ಚೀಪುತ್ತಾ “ಏನು ಗ್ರೇವಿ ಮಾಡ್ತೀರಾ ಮೇಡಂ” ಎಂದು ಅವಳನ್ನೇ ಹೊಗಳುತ್ತಾರೆ. ಅವಳು ತಲೆ ಬಾಗಿಸಿ ನಗುತ್ತಾಳೆ. ಆ ಮಾತು ಗೋಡೆ ದಾಟಿ ಹಿಂದಕ್ಕೂ ಕೇಳುತ್ತದೆ.

ಅಕ್ಕ ಮುಚ್ಚಿಡುವವಳಲ್ಲ. “ಹೊಟ್ಟೆ ಉರಿಯತ್ತೆ. ಉರಿಯಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ರಾತ್ರಿ ಒಂದೇ ಮನೇಲಿ ಒಂದೇ ಪಾತ್ರೇಲಿ ಬಡಿಸ್ಕೊಂಡು ತಿಂತೀವಿ. ಅವಳಿಗೆ ಬಡಿಸೋವಾಗ ನನ್ನ ಕೈ ತಾನಾಗೇ ಹಿಂದಕ್ಕೆ ಬರತ್ತೆ.” ಓರಗಿತ್ತಿಯ ಟೋಪಿಯನ್ನು ಇಸ್ತ್ರಿ ಮಾಡುವವಳೂ ಅಕ್ಕನೇ. ಒಂದು ದಿನ ಕೋಣೆಯ ಬಾಗಿಲು ಹಾಕಿ ಅದನ್ನು ತಲೆಗೆ ಇಟ್ಟು ನೋಡಿಕೊಂಡಳಂತೆ. ಚೆನ್ನಾಗಿ ಕಾಣಲಿಲ್ಲ, ಅದಕ್ಕೂ ಸಿಟ್ಟು ಬಂತಂತೆ.

ಈಚೆಗೆ ಮಾಲೀಕರು ಇನ್ನೊಂದು ಶಾಖೆ ತೆರೆದರು. ಎರಡೂ ಕಡೆಗೆ ಗ್ರೇವಿ ಒಬ್ಬರ ಕೈಯಿಂದಲೇ ಹೋಗಬೇಕು, ರುಚಿ ಬದಲಾಗಬಾರದು ಎಂದರು. ಗಿರಾಕಿಗಳಿಗೆಲ್ಲ ಪರಿಚಯವಿರುವವಳು ಓರಗಿತ್ತಿ, ಅವಳಿಗೇ ವಹಿಸಿದರೆ ಹೇಗೆ ಎಂಬ ಮಾತು ಗಲ್ಲಾಪೆಟ್ಟಿಗೆಯ ಬಳಿ ಹುಟ್ಟಿತು. ಅದು ಅಕ್ಕನ ಕಿವಿಗೂ ಬಿತ್ತು. ಹೊಗಳಿಕೆ ಹೋಗಿದ್ದಾಯಿತು, ಇನ್ನು ಪಾತ್ರೆಯೂ ಹೋಗುವುದಿತ್ತು.

ಮರುದಿನ ಬೆಳಗ್ಗೆ ಅಕ್ಕ ಎಣ್ಣೆ ತೇಲುವ ಮುಂಚೆಯೇ ಪಾತ್ರೆ ಇಳಿಸಿಬಿಟ್ಟಳು. ಬೇಕೆಂದೇ. ತಾನಿಲ್ಲದೆ ಇವಳು ಏನೂ ಅಲ್ಲವೆಂದು ಊರಿಗೆಲ್ಲ ಗೊತ್ತಾಗಲಿ ಎಂಬ ಹಟ. ಸೌಟು ಪಕ್ಕಕ್ಕಿಟ್ಟು ಗೋಡೆಗೆ ಕಿವಿಗೊಟ್ಟು ಕೂತಳು. ಊಟದ ಹೊತ್ತಾಯಿತು, ಯಾರೂ ಬೈಯಲಿಲ್ಲ. ಅದೇ ಹೊಗಳಿಕೆ, ಅದೇ ಮೇಡಂ. ತಡೆಯಲಾರದೆ ಎದ್ದು ಹೋಗಿ ಬಾಗಿಲ ಸಂದಿಯಿಂದ ಇಣುಕಿದಳು.

ಓರಗಿತ್ತಿ ಪ್ರತಿ ಆರ್ಡರಿಗೂ ಗ್ರೇವಿಯನ್ನು ಸಣ್ಣ ಬಾಣಲೆಯಲ್ಲಿ ಹೊಸದಾಗಿ ಹುರಿಯುತ್ತಿದ್ದಳು. ಎಣ್ಣೆ ಬಿಡುವವರೆಗೂ ಕಾಯುತ್ತಿದ್ದಳು. ಟೋಪಿ ವಾಲಿತ್ತು, ಮುಂಗೈಯಲ್ಲಿ ಎಣ್ಣೆ ಸಿಡಿದ ಬೊಬ್ಬೆಗಳಿದ್ದವು. ಮೇಜುಗಳಲ್ಲಿ ಜನ ತಡವಾಯಿತೆಂದು ಗೊಣಗುತ್ತಿದ್ದರು, ರುಚಿಯ ಬಗ್ಗೆ ಮಾತ್ರ ಯಾರೂ ದೂರಲಿಲ್ಲ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅವಳು ಹಿಂದಕ್ಕೆ ಬಂದು ಬಾಗಿಲು ಎಳೆದುಕೊಂಡು ಮೆಲ್ಲಗೆ ಕೇಳಿದಳು.

“ಅಕ್ಕ, ಇವತ್ತಿಂದು ನಿಮ್ಮ ಗ್ರೇವಿ ಅಲ್ಲ. ಮೈ ಹುಷಾರಿಲ್ವಾ?”

ಅಷ್ಟು ವರ್ಷ, ಅಷ್ಟು ಜನ ತಿಂದಿದ್ದಾರೆ. ಅಕ್ಕನ ಗ್ರೇವಿ ಯಾವುದು, ಯಾವುದಲ್ಲ ಎಂದು ನಾಲಿಗೆಯಲ್ಲೇ ಗುರುತಿಸಿದವಳು ಇವಳೊಬ್ಬಳೇ. ಅಕ್ಕನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವಳು ಹುರಿಯುವುದನ್ನೂ ಕಲಿತುಬಿಟ್ಟಿದ್ದಾಳಲ್ಲ ಎಂಬ ಉರಿ ಎದ್ದಿತು. ತಲೆನೋವೆಂದು ಸುಳ್ಳು ಹೇಳಿ, ಬೊಬ್ಬೆಗೆ ಹಚ್ಚಲು ಮುಲಾಮು ತಂದು ಕೊಟ್ಟಳು.

ಸಂಜೆ ಮಾಲೀಕರು ಓರಗಿತ್ತಿಯನ್ನು ಕರೆದು ಎರಡೂ ಶಾಖೆಯ ಗ್ರೇವಿ ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಗ್ರೇವಿ ಅಕ್ಕನದು, ಅಕ್ಕ ಮಾಡದಿದ್ದರೆ ತಾನು ಕೌಂಟರಿಗೂ ಬರುವುದಿಲ್ಲ ಎಂದಳಂತೆ ಅವಳು. ಮಾಲೀಕರು ಒಪ್ಪಿದರು. ಈಗ ಒಲೆಯ ಮೇಲೆ ಎರಡು ಪಾತ್ರೆಗಳಿವೆ, ಅಕ್ಕನಿಗೆ ಇಬ್ಬರು ಸಹಾಯಕಿಯರಿದ್ದಾರೆ.

ಹಾಗಾದರೆ ಹೊಟ್ಟೆಕಿಚ್ಚು ಆರಿತೇ ಎಂದರೆ ಅಕ್ಕ ಇವತ್ತು ಮೊದಲ ಬಾರಿಗೆ ಪಾತ್ರೆಯಿಂದ ಕಣ್ಣು ತೆಗೆಯುತ್ತಾಳೆ. “ಎಲ್ಲಿ ಆರತ್ತೆ? ನನಗೆ ಬರಬೇಕಾದ್ದು ಬಂತು, ಅದೂ ಅವಳು ಕೊಟ್ಟಂಗಾಯ್ತು. ಅವಳು ಸ್ವಲ್ಪ ಕೆಟ್ಟವಳಾಗಿದ್ದಿದ್ರೆ ನೆಮ್ಮದಿಯಾಗಿ ಹೊಟ್ಟೆ ಉರ್ಕೊಂಡು ಇರ್ತಿದ್ದೆ. ಅದಕ್ಕೂ ಕಲ್ಲು ಹಾಕಿದ್ಲು.”