ಬೆನ್ನ ಕಡೆಯ ಹೂವು

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೂ ನಡೆಯುತ್ತದೆ ನಿಲ್ಲದಿದ್ದರೂ ನಡೆಯುತ್ತದೆ ಎಂಬಂಥ ಒಂದು ಊರಿದೆ. ಆ ಊರಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಬೀಗರಿಗೆ, ಎರಡನೆಯದು ಕುಣಿ ತೋಡುವವರಿಗೆ, ಮೂರನೆಯದು ಗದ್ದೆಪ್ಪನಿಗೆ. ಗದ್ದೆಪ್ಪ ಪೂಜಾರಿಯಲ್ಲ, ಹೂಗಾರನೂ ಅಲ್ಲ. ಮೂರು ಎಕರೆ ಭತ್ತ, ಹದಿನೆಂಟು ಕುರಿ ಇಟ್ಟುಕೊಂಡ ಕುರುಬರ ಮನುಷ್ಯ. ಆದರೆ ಹೆಣದ ಹೂವಿನ ಬಾಬತ್ತು ಇಪ್ಪತ್ಮೂರು ವರ್ಷದಿಂದ ಅವನದೇ. ಸಿಂಧನೂರಿನ ಮುಕ್ತಿಯಾರ್, ಮಸ್ಕಿಯ ಶಿವಕುಮಾರಿ, ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಬುಟ್ಟಿ ಇಟ್ಟುಕೊಂಡು ಕೂರುವ ಮುದುಕ, ಈ ಮೂವರೂ ಫೋನಿನಲ್ಲಿ ಅವನ ದನಿ ಕೇಳಿದ ಕೂಡಲೇ "ಗಂಡಸೋ ಹೆಂಗಸೋ" ಎಂದು ವಿಚಾರಿಸುತ್ತಿದ್ದರು. ಆರಾಮ ಅದೀರೇನು ಗೀರೇನು ಎಂಬ ರಗಳೆಯೇ ಇರಲಿಲ್ಲ.

ಅವನಿಗೆ ಈ ಕೆಲಸ ಯಾರೂ ಹಚ್ಚಿದ್ದಲ್ಲ. ಸತ್ತ ಮನೆಯವರಿಗೆ ಆ ದಿನ ಲೆಕ್ಕದ ಪರಿವೆ ಇರುವುದಿಲ್ಲ ಎಂಬುದನ್ನು ಅವನು ಚಿಕ್ಕಂದಿನಲ್ಲೇ ಕಂಡಿದ್ದ. "ಎಷ್ಟರ ಆಗಲಿ, ಚಲೋ ಹೂವು ತರ್ರಿ" ಎಂದು ಎದೆ ಬಡಿದುಕೊಂಡವರೇ ಮೂರನೇ ದಿನ ಹಾಲುತುಪ್ಪಕ್ಕೆ ಸಕ್ಕರೆ ಕಡ ಕೇಳಲು ಬರುತ್ತಾರೆ. ಅದಕ್ಕೇ ಅವನು ಒಂದು ಪದ್ಧತಿ ಕಂಡುಹಿಡಿದ. ಹೆಣವನ್ನು ಕೂರಿಸಿ ಒಯ್ಯುವ ಬಿದಿರಿನ ವಿಮಾನಕ್ಕೆ ಮುಂದೊಂದು ಮಾರಿ, ಹಿಂದೊಂದು ಬೆನ್ನು. ಮಾರಿಯ ಕಡೆ ತಾಜಾ ಚೆಂಡುಹೂವು, ಎರಡು ಸೇವಂತಿಗೆ ಹಾರ. ಬೆನ್ನ ಕಡೆ ನಿನ್ನೆ ಮೊನ್ನೆ ಉಳಿದ ಹೂವು, ಕಾಲುಪಾಲು ದರಕ್ಕೆ. ನಮಸ್ಕಾರ ಮಾಡುವವರು, ಫೋಟೋ ಹೊಡೆಯುವವರು, ಹಾರ ತರುವ ಪಂಚಾಯತಿ ಮೆಂಬರರು ಎಲ್ಲರೂ ಮುಂದೆಯೇ ನಿಲ್ಲುತ್ತಾರೆ. ಬೆನ್ನನ್ನು ಯಾರು ನೋಡುತ್ತಾರೆ?

ಇದರಲ್ಲಿ ಒಂದು ತೊಡಕಿತ್ತು. ಸತ್ತವರ ಮಗನೋ ಅಳಿಯನೋ ಪಕ್ಕದಲ್ಲೇ ನಿಂತಿರುವಾಗ ಫೋನಿನಲ್ಲಿ "ಹಳೇ ಹೂವು ಕಳಸು" ಎನ್ನಲು ಬರುವುದಿಲ್ಲ. ಹೀಗಾಗಿ ಗದ್ದೆಪ್ಪನಿಗೂ ಹೂವಿನವರಿಗೂ ಒಂದು ಒಳ ಒಪ್ಪಂದವಾಗಿತ್ತು. ಗದ್ದೆಪ್ಪ ಎಲ್ಲರಿಗೂ ಕೇಳುವಂತೆ, "ಹಿಂದ ಮುಂದ ಎಲ್ಲಾ ತಾಜಾ ಹಾಕು, ರೊಕ್ಕದ ಮಾರಿ ನೋಡಬ್ಯಾಡ" ಎನ್ನಬೇಕು. ಆ ಕಡೆಯವರು, ಪಕ್ಕದಲ್ಲಿ ಮಂದಿ ಇದ್ದಾರೆ ಎಂದು ತಿಳಿದುಕೊಂಡು ಎಂದಿನಂತೆ ಕಳಿಸಬೇಕು. ಸಂಜೆ ಉಳಿದ ರೊಕ್ಕ ತಿರುಗಿ ಬಂದಾಗ ಮನೆಯವರು ಗದ್ದೆಪ್ಪನ ಚೌಕಾಸಿಗೆ ಕೈಮುಗಿಯುತ್ತಿದ್ದರು. ಅವನು ಅದರಲ್ಲಿ ಒಂದು ಚಹಾದ ರೊಕ್ಕವನ್ನೂ ಮುಟ್ಟಿದವನಲ್ಲ. ಕೈಮುಗಿಸಿಕೊಳ್ಳುವುದನ್ನು ಮಾತ್ರ ಒಮ್ಮೆಯೂ ಬಿಟ್ಟವನಲ್ಲ.

ಅವನ ಹೆಂಡತಿ ಯಮನಮ್ಮನಿಗೆ ಈ ಪದ್ಧತಿ ಕಂಡರಾಗುತ್ತಿರಲಿಲ್ಲ. ಮಣ್ಣಿಗೆ ಹೋಗಿ ಬಂದು, ಮೈಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಶುರು ಮಾಡುತ್ತಿದ್ದಳು.

"ಇವತ್ತೂ ಬೆನ್ನಿಗಿ ಕೊಳತ ಹೂವನ ಹಾಕಿಸಿದಿ. ದಾರಿತುಂಬ ನೊಣ ಮುಕರಿದ್ದವು."

"ಹಿಂದ ಯಾರ ನೋಡ್ತಾರಬೇ?"

"ಹಿಂದ ನಡಿಯೋರು ಯಾರು? ಗಂಡಸರು ಡೊಳ್ಳು ಬಡಕೊಂತ ಮುಂದ ಹೋಗ್ತೀರಿ. ಹಿಂದ ನಾವು ಹೆಂಗಸರು. ನಮ್ಮ ಕಣ್ಣಿಗಿ ಕಡೀಕ ಕಾಣೂದು ಆ ಬೆನ್ನ."

"ಸತ್ತವರು ತಿರುಗಿ ನೋಡ್ತಾರೇನು?"

"ಬದುಕಿದ್ದವರು ನೋಡ್ತಾರಲ್ಲ" ಎಂದು ಅವಳು ಒಲೆ ಕಡೆ ತಿರುಗುತ್ತಿದ್ದಳು. ಇಪ್ಪತ್ಮೂರು ವರ್ಷ ಇದೇ ಜಗಳ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ದೀಪಾವಳಿ ಅಮಾಸೆಯ ದಿನ ನಸುಕಿನಲ್ಲಿ, ಎರೆದುಕೊಳ್ಳಲು ನೀರು ಕಾಯಿಸುತ್ತ ಕೂತಿದ್ದ ಯಮನಮ್ಮ ಗೋಡೆಗೆ ಒರಗಿದಳು. ನಿದ್ದೆ ಹತ್ತಿರಬೇಕು ಎಂದು ಗದ್ದೆಪ್ಪ ತಾನೇ ಒಲೆಗೆ ಕಟ್ಟಿಗೆ ಒಟ್ಟಿದ. ನೀರು ಕುದಿಯತೊಡಗಿದ ಮೇಲೆ ಎಬ್ಬಿಸಲು ಹೋದರೆ ಅವಳ ಕೈ ತಣ್ಣಗಾಗಿತ್ತು.

ಏಳು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಕೊಟ್ಟ ಊರಾದ ಜವಳಗೇರಾದಿಂದ ಮಗಳು ಜ್ಯೋತಿ ಬಂದು ತಾಯಿಯ ತೊಡೆಯ ಮೇಲೆ ಬಿದ್ದಳು. ಬೀಗರಿಗೆ ಫೋನು ಹೋಯಿತು, ಕುಣಿಯವರಿಗೆ ಹೋಯಿತು. ಮೂರನೆಯ ಫೋನು ಮಾಡಬೇಕಾದವರು ಗದ್ದೆಪ್ಪನ ಮುಖ ನೋಡುತ್ತ ನಿಂತರು. ಅವನು ತಾನೇ ಫೋನು ತೆಗೆದ. ಆ ಹೊತ್ತಿಗಾಗಲೇ ಅವನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಇವತ್ತು ಬೆನ್ನಿಗೆ ತಾಜಾ ಹೂವು ಹಾಕಿಸಬೇಕು. ಬೇರೇನು ಮಾಡುವುದೂ ಇನ್ನು ಉಳಿದಿರಲಿಲ್ಲ.

"ಗಂಡಸೋ ಹೆಂಗಸೋ, ಅಣ್ಣಾ?" ಎಂದ ಮುಕ್ತಿಯಾರ್. ಹಿಂದೆ ಗಿರಾಕಿಗಳ ಗದ್ದಲ ಕೇಳುತ್ತಿತ್ತು.

"ಹೆಂಗಸು."

"ಮುತ್ತೈದೆನಾ?"

"ಹೂಂ."

"ಯಾರ ಪೈಕಿ?"

ಗದ್ದೆಪ್ಪನಿಗೆ ಹೆಂಡತಿಯ ಹೆಸರು ಹೇಳಲು ಬರಲಿಲ್ಲ. "ನಮ್ಮೂರಾಕಿ" ಎಂದ.

"ದೀಪಾವಳಿ ಐತಿ ಅಣ್ಣಾ, ಚೆಂಡುಹೂವು ನೂರಾ ಅರವತ್ತು ನಡದೈತಿ. ನಾಳೆ ಇದೇ ಹೂವು ದನಾ ಮೂಸೂದಿಲ್ಲ. ಏನ್ ಮಾಡಲಿ ಹೇಳ್ರಿ."

"ಮುಕ್ತಿಯಾರ್‌ಭಾಯ್, ಹಿಂದ ಮುಂದ ಎಲ್ಲಾ ತಾಜಾ ಹಾಕು. ರೊಕ್ಕದ ಮಾರಿ ನೋಡಬ್ಯಾಡ."

"ತಿಳೀತು, ತಿಳೀತು. ಬಾಜೂಕ ಮಂದಿ ಅದಾರ."

"ಹಂಗಲ್ಲೋ, ಖರೇನ ಹೇಳಾಕತ್ತೀನಿ."

"ಇದು ಹೊಸಾ ಮಾತು ಕಲತೀರಿ" ಎಂದು ಮುಕ್ತಿಯಾರ್ ನಕ್ಕ. "ಚಿಂತಿ ಬ್ಯಾಡ, ನಿಮ್ಮ ಹಿಸಾಬಿನಾಗ ಬರೋಬರ್ ಕಟ್ಟಿ ಇಡತೀನಿ." ಫೋನು ಇಟ್ಟೇಬಿಟ್ಟ.

ಮತ್ತೆ ಹಚ್ಚಿದರೆ ಎಂಗೇಜು. ಹಬ್ಬದ ದಿನ ಹೂವಿನವನ ಫೋನು ಬಿಡುವಾಗುವುದುಂಟೇ? ಹನ್ನೆರಡು ಸಲ ಹಚ್ಚಿದ. ಅಷ್ಟರಲ್ಲಿ ಅಣ್ಣನ ಮಗ ಮಾಳಿಂಗರಾಯ ಬೈಕ್ ಹೊರಗೆ ತೆಗೆದು, ನಾಲ್ಕು ಸಾವಿರ ಎಣಿಸಿಕೊಂಡು ಹೊರಟು ನಿಂತಿದ್ದ.

ಅವನಿಗೆ ಹೇಳಬಹುದಿತ್ತು. ಎರಡೇ ಮಾತು: ನಾನು ಹಾಗೆಂದರೆ ಹಳೆಯ ಹೂವು ಎಂದು ಅರ್ಥ, ಇವತ್ತು ಹಾಗಲ್ಲ ಎಂದು ಹೇಳು. ಆದರೆ ಅಂಗಳದ ತುಂಬ ಮಂದಿ ಕೂತಿದ್ದರು. ತಾಯಿಯನ್ನು ಕಳೆದುಕೊಂಡ ಅಂಬಪ್ಪ ಇದ್ದ, ತಮ್ಮನನ್ನು ಮಣ್ಣಿಗಿಟ್ಟವರಿದ್ದರು, ಹರೆಯದ ಮಗನನ್ನು ಕಳಿಸಿಕೊಟ್ಟ ಹೆಣ್ಣುಮಗಳು ಇದ್ದಳು. ಅವರೆಲ್ಲರ ಕಿವಿಯ ಮುಂದೆಯೇ ಅವನು ಹಿಂದೆ ಮುಂದೆ ಎಲ್ಲಾ ತಾಜಾ ಎಂದು ಕೂಗಿದ್ದ. ಅವರೆಲ್ಲರ ಸತ್ತವರ ಬೆನ್ನಿಗೂ ಕೊಳೆತದ್ದನ್ನೇ ಹೊದಿಸಿದ್ದ. ಬದಿಗೆ ಕರೆದು ಹೇಳಿದರೂ ಸಂಜೆಯೊಳಗೆ ಅದು ಊರೆಲ್ಲ ತಿರುಗುತ್ತಿತ್ತು. ಇಪ್ಪತ್ಮೂರು ವರ್ಷದ ಮರ್ಯಾದೆ ಆ ಎರಡು ಮಾತಿನ ಮೇಲೆ ನಿಂತಿತ್ತು.

"ಮಾಳಿಂಗಾ, ಹೂವು ನೋಡಿ ತಗೋ" ಎಂದನಷ್ಟೆ.

"ನೀವು ಹೇಳೀರಲ್ಲ ಕಾಕಾ. ಚಾಚಾಗ ನನಗಿಂತ ಚಲೋ ಗೊತ್ತೈತಿ" ಎಂದು ಅವನು ಹೋಗಿಬಿಟ್ಟ.

ಬೈಕಿನ ಸದ್ದು ರಸ್ತೆಗೆ ಕೂಡಿಕೊಂಡ ಮೇಲೆ ಗದ್ದೆಪ್ಪ ಅಂಬಪ್ಪನ ಹತ್ತಿರ ಹೋಗಿ ಕೂತ. ಊರ ಹಿರಿಯನೆಂದರೆ ಅಂಬಪ್ಪನೇ.

"ನಾಳೆ ಮುಂಜಾನೆ ಒಯ್ದರ ಹ್ಯಾಂಗ? ನಾಳೆ ಹೂವು ರಾಶಿ ಸಿಗತಾವ."

ಅಂಬಪ್ಪ ಅವನನ್ನೇ ನೋಡಿದ. "ಅಮಾಸಿ ದಿನ ಹೆಣ ಇಟಗೊಂಡು ಊರಾಗ ದೀಪ ಹ್ಯಾಂಗ ಹಚ್ಚೂದು? ಹೂವು ಅಗ್ಗ ಆಗಲಿ ಅಂತ ಹೆಂಡತಿನ್ನ ಒಂದಿನ ಇಡ್ತೀಯೇನೋ ಮಾರಾಯ?"

ಪಕ್ಕದಲ್ಲಿದ್ದವರು ತಲೆ ತಗ್ಗಿಸಿದರು. ಒಬ್ಬಿಬ್ಬರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅದು ಅಳುವಿಗೋ ನಗುವಿಗೋ ಎಂದು ಹೇಳುವುದು ಕಷ್ಟವಿತ್ತು. ಗದ್ದೆಪ್ಪ ಎದ್ದು ಬಂದು ಯಮನಮ್ಮನ ಮಗ್ಗುಲಿಗೆ ಕೂತ. ಜ್ಯೋತಿ ಅವಳ ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ಇಟ್ಟಿದ್ದಳು.

ಹನ್ನೊಂದೂವರೆಗೆ ಮಾಳಿಂಗರಾಯ ಬಂದ. ಬುಟ್ಟಿಯಲ್ಲಿ ಹಾರ, ಮಲ್ಲಿಗೆ, ಕಣ್ಣು ಕುಕ್ಕುವ ಚೆಂಡುಹೂವು. ಬೈಕಿನ ಹಿಂದೆ ಕಟ್ಟಿದ್ದು ಒಂದು ಯೂರಿಯಾ ಚೀಲ. ಗದ್ದೆಪ್ಪನಿಗೆ ಚೀಲ ಬಿಚ್ಚಬೇಕಾಗಿರಲಿಲ್ಲ. ಬೆನ್ನ ಹೂವು ಯಾವಾಗಲೂ ಚೀಲದಲ್ಲೇ ಬರುತ್ತಿತ್ತು.

"ಎಲ್ಲಾ ಸೇರಿ ಹತ್ತೊಂಬತ್ತುನೂರು" ಎಂದು ಮಾಳಿಂಗರಾಯ ಉಳಿದ ಎರಡು ಸಾವಿರದ ನೂರನ್ನು ಅವನ ಕೈಗಿಟ್ಟ. "ಬ್ಯಾರೇದವರಿಗಿ ಆಗಿದ್ರ ಮೂರು ಸಾವಿರದ ಮ್ಯಾಲ ಆಗತಿತ್ತಂತ. ಚಾಚಾ ನಿಮ್ಮ ಮಾರಿ ನೋಡಿ ಕೊಟ್ಟಾನ."

"ಯಾರು ಸತ್ತಾರ ಅಂತ ಕೇಳಿದನೇನು?"

"ಗದ್ದಲದಾಗ ಏನ್ ಕೇಳತಾನ. ನೀವು ಹೇಳಿರತೀರಿ ಅಂತ ನಾನೂ ಸುಮ್ಮನ ಬಂದೆ."

ಗದ್ದೆಪ್ಪ ಚೀಲದ ಬಾಯಿ ಬಿಚ್ಚಿದ. ಬಿಸಿ ಹಬೆ ಹೊಡೆಯಿತು. ಹೂವುಗಳು ಒಂದಕ್ಕೊಂದು ಅಂಟಿಕೊಂಡು, ತೊಟ್ಟಿನ ಹತ್ತಿರ ಕರ್ರಗಾಗಿ, ಹಿಡಿದರೆ ಕೈಯಲ್ಲಿ ಲೋಳೆಯಾಗುತ್ತಿದ್ದವು.

ಫೋನು ತೆಗೆದುಕೊಂಡು ಹಿತ್ತಲಿಗೆ ಹೋದ. ಲಿಂಗಸುಗೂರಿನ ಮುದುಕ ಎತ್ತಲೇ ಇಲ್ಲ. ಮಸ್ಕಿಯ ಶಿವಕುಮಾರಿ ಎತ್ತಿದಳು. ಹಿತ್ತಲಲ್ಲಿ ಕುರಿಗಳ ಹೊರತು ಯಾರೂ ಇರಲಿಲ್ಲವಾದ್ದರಿಂದ ಅವಳಿಗೆ ನಿಜ ಹೇಳಲು ಬಂತು.

"ಶಿವಕುಮಾರವ್ವ, ನನ್ನಾಕಿ ಹೋಗ್ಯಾಳ. ಐದು ಕೆಜಿ ತಾಜಾ ಚೆಂಡುಹೂವು ಬೇಕು."

"ಯಪ್ಪಾ, ಯಮನವ್ವನೇನು? ಮೊದಲ ಹೇಳಬಾರದೇನಣ್ಣ. ಎಲ್ಲಾ ಹೋಗಿಬಿಟ್ಟಾವ. ಮೂರು ಕೆಜಿ ಐತಿ, ಟ್ರ್ಯಾಕ್ಟರ್ ಪೂಜಾಕ ಅಂತ ಒಬ್ಬರು ಇಡಿಸ್ಯಾರ. ಇನ್ನೂರರಂಗ ಕೊಟ್ಟಾರ. ಅವರಿಗಿ ನಾ ಏನರ ಹೇಳ್ತೀನಿ ತಗೋರಿ."

"ಇನ್ನೂರು ಭಾಳಾತು. ನೂರಾ ಇಪ್ಪತ್ತಕ್ಕ ಹಾಕು."

ಆ ಮಾತನ್ನು ತಾನೇ ಆಡಿದ್ದೆಂದು ಗದ್ದೆಪ್ಪನಿಗೆ ತಿಳಿದದ್ದು ಆಡಿದ ಮೇಲೆ. ಬಾಯಿಗೆ ಅಷ್ಟು ರೂಢಿಯಾಗಿತ್ತು. ಅವನ ಮನಸ್ಸನ್ನು ಕೇಳುವ ಪದ್ಧತಿಯನ್ನೇ ಅದು ಬಿಟ್ಟುಬಿಟ್ಟಿತ್ತು.

"ಅಣ್ಣ" ಎಂದಳು ಶಿವಕುಮಾರಿ ಮೆಲ್ಲಗೆ, "ಯಾರ ಸಲುವಾಗಿ ಚೌಕಾಸಿ ಮಾಡಾಕತ್ತೀರಿ?"

ಅವನು ಕಿವಿಗೆ ಫೋನು ಹಿಡಿದುಕೊಂಡೇ ನಿಂತ. ಅವಳು ಮತ್ತೇನೋ ಹೇಳಿದಳು, ಹುಡುಗನನ್ನು ಕಳಿಸಿ ಎಂದಿರಬೇಕು. ಅಷ್ಟರಲ್ಲಿ ಅಂಗಳದ ಕಡೆ ಡೊಳ್ಳು ಶುರುವಾಗಿ ಏನೂ ಕೇಳಿಸಲಿಲ್ಲ. ಓಡಿ ಬಂದು ನೋಡಿದರೆ ಯಮನಮ್ಮನನ್ನು ವಿಮಾನದಲ್ಲಿ ಕೂರಿಸಿ, ಮುಂದಿನ ಹೂವೆಲ್ಲ ಕಟ್ಟಿ ಮುಗಿಸಿದ್ದರು. ಹಿಂದಿನ ಬಿದಿರಿಗೆ ಇಬ್ಬರು ಚೀಲದ ಹೂವು ಕಟ್ಟುತ್ತಿದ್ದರು.

"ನಿಲ್ಲರಿ. ಮಸ್ಕಿಯಿಂದ ಬ್ಯಾರೆ ಹೂವು ಬರತಾವ."

"ಮಸ್ಕಿಗಿ ಹೋಗಿ ಬರೂದರಾಗ ಒಂದು ತಾಸು ಆಗತೈತಿ" ಎಂದ ಅಂಬಪ್ಪ. "ಮಂದಿ ಹಬ್ಬ ಬಿಟ್ಟು ಬಂದಾರ, ಮನ್ಯಾಗ ಒಲಿ ಹಚ್ಚಿಲ್ಲ. ಹೂವು ಐತಲ್ಲ, ಮತ್ಯಾಕ?"

"ಹಂಗಾದ್ರ ಹಿಂದಿಂದು ಬಿಚ್ಚರಿ. ಖಾಲಿ ಇರಲಿ."

"ಮುತ್ತೈದಿ ಬೆನ್ನು ಬರಿದ ಕಳಸ್ತಾರೇನು? ಗದ್ದೆಪ್ಪಗ ಭಾಳ ದುಃಖ ಆಗೈತಿ, ಹಿಡಕೊಳ್ರೋ ಅವನ್ನ."

ಇಬ್ಬರು ಹಿಡಿದುಕೊಂಡರು. ವಿಮಾನ ಎದ್ದಿತು.

ಗಂಡನಾದವನು ಮುಂದೆ ನಡೆಯಬೇಕು. ಹಿಡಿದವರು ಕೈ ಸಡಿಲಿಸಿದಾಗ ಗದ್ದೆಪ್ಪ ಹಿಂದೆ ಉಳಿದ. ಅವರು ಕೂಗಿದರು, ಅವನಿಗೆ ಕೇಳಿಸಲಿಲ್ಲವೆಂದುಕೊಂಡು ಮುಂದೆ ಹೋದರು. ಅವನು ಹೆಂಗಸರ ಗುಂಪಿನ ಮುಂದೆ, ವಿಮಾನದ ಬೆನ್ನಿಗೆ ಎರಡು ಮಾರು ದೂರದಲ್ಲಿ ನಡೆದ. ಬಿಸಿಲಿಗೆ ಹೂವಿನ ನೀರು ಬಿದಿರಿನ ಗುಂಟ ಇಳಿಯುತ್ತಿತ್ತು. ಒಂದೊಂದು ಹೆಜ್ಜೆಗೂ ಅಲುಗಿ, ಎಸಳುಗಳು ಉದುರುವ ಬದಲು ಜಾರುತ್ತಿದ್ದವು. ನೊಣಗಳು ಎದ್ದು ಮತ್ತೆ ಕೂರುತ್ತಿದ್ದವು. ಅವನು ಟವೆಲ್ ಬೀಸಿದ. ಬೀಸುವಾಗ ಹಾರುತ್ತಿದ್ದವು, ನಿಲ್ಲಿಸಿದಾಗ ಬರುತ್ತಿದ್ದವು. ಆದ್ದರಿಂದ ಕಾಲುವೆಯ ಆಚೆಯ ಮಣ್ಣಿನ ಜಾಗದವರೆಗೂ ಅವನು ಟವೆಲ್ ಬೀಸುತ್ತಲೇ ಹೋದ. ಜ್ಯೋತಿ ಒಮ್ಮೆ "ಅಪ್ಪಾ, ಮುಂದ ಹೋಗು" ಎಂದಳು. ಆಮೇಲೆ ಅವಳೂ ಸೆರಗು ಬೀಸತೊಡಗಿದಳು.

ಎಲ್ಲ ಮುಗಿದು ಜನ ಕಾಲುವೆಯಲ್ಲಿ ಕೈಕಾಲು ತೊಳೆಯುವಾಗ ಅಂಬಪ್ಪ ಅವನ ಮಗ್ಗುಲಿಗೆ ಬಂದು ಕೂತ. ಸಮಾಧಾನಕ್ಕೆ ಮಾತು ಹುಡುಕಿದ.

"ಇಂಥಾ ಹಬ್ಬದಾಗ ಹತ್ತೊಂಬತ್ತುನೂರಕ್ಕ ವಿಮಾನ ಕಟ್ಟಿಸಿದಿ. ನಮ್ಮವ್ವನ ಸರ್ತಿನೂ ಹಿಂಗ ಉಳಿಸಿಕೊಟ್ಟಿದ್ದಿ. ನಾ ಮರತಿಲ್ಲ."

ಗದ್ದೆಪ್ಪ ನೀರು ನೋಡುತ್ತಿದ್ದ. "ನಿಮ್ಮವ್ವನ ಬೆನ್ನಿಗೂ ಕೊಳತ ಹೂವನ ಹಾಕಿಸಿದ್ದೆ" ಎಂದ. "ಎಲ್ಲಾರಿಗೂ ಅದನ್ನ. ಮ್ಯಾಲ ಮಾತ್ರ ತಾಜಾ ತಾಜಾ ಅಂತಿದ್ದೆ."

ಅಂಬಪ್ಪ ಕಾಲು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಅದು ಊರಿಗೆಲ್ಲಾ ಗೊತ್ತಿದ್ದದ್ದ ಬಿಡು. ಹಿಂದ ಬರೋ ಹೆಂಗಸರಿಗಿ ಕಣ್ಣಿಲ್ಲೇನು? ನಮ್ಮನ್ಯಾಕಿ ಅವತ್ತ ರಾತ್ರಿನ ಹೇಳಿದ್ಲು. ನಾಕು ರೊಕ್ಕ ಉಳೀತಲ್ಲ, ಪಾಪ ಅವನೂ ನಮ್ಮ ಸಲುವಾಗಿ ಮಾಡ್ತಾನ ಅಂತ ಯಾರೂ ಎತ್ತಲಿಲ್ಲ."

"ಎಲ್ಲಾರಿಗೂ?"

"ಎಲ್ಲಾರಿಗೂ."

"ಹಂಗಾದ್ರ ಮುಂಜಾನೆ ಅಂಗಳದಾಗನ ಮಾಳಿಂಗಗ ಹೇಳಬಹುದಿತ್ತು."

"ಏನು ಹೇಳಬಹುದಿತ್ತು?" ಎಂದ ಅಂಬಪ್ಪ.

ಗದ್ದೆಪ್ಪ ಕಾಲು ನೀರಿಗೆ ಇಳಿಬಿಟ್ಟ. ಅಂಬಪ್ಪ ಅವನ ಬೆನ್ನು ಸವರಿ, ಮನೆಯಲ್ಲಿ ಪೂಜೆ ಬಾಕಿ ಇದೆ ಎಂದು ಎದ್ದು ಹೋದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಗದ್ದೆಪ್ಪ ಕಾಲುವೆಯ ಮೆಟ್ಟಿಲ ಮೇಲೆ, ಪಾದ ಮುಳುಗುವಷ್ಟು ನೀರಿನಲ್ಲಿ ಕಾಲಿಟ್ಟುಕೊಂಡು, ಜ್ಯೋತಿ ಬಂದು ರಟ್ಟೆ ಹಿಡಿದು ಎಬ್ಬಿಸುವ ತನಕ ಅಲ್ಲೇ ಕೂತಿದ್ದ.