ಬೇಗ ಮರಳಿಸಬಾರದ ಬಟ್ಟಲು

ಅಕ್ಕ ಆ ಕೆರಿಬಿಯನ್ ದ್ವೀಪಕ್ಕೆ ಹೊರಟದ್ದು ಸಮುದ್ರ ನೋಡಲು ಅಲ್ಲ, ಮೊಮ್ಮಗಳನ್ನು ತನ್ನೂರು ಖಾನಾಪುರಕ್ಕೆ ಕರೆತರಲು. ಅವಳ ಮಗಳು ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಳಿಯನಿಗೆ ಹಡಗಿನ ಕೆಲಸ, ತಿಂಗಳುಗಟ್ಟಲೆ ಮನೆಯಲ್ಲಿರುವುದಿಲ್ಲ. ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ.

"ನಮ್ಮವರು ಯಾರೂ ಇಲ್ಲದ ಊರಾಗ ಕೂಸು ಹೆಂಗ ಬೆಳಿತೈತಿ, ತಮ್ಮಾ?" ಎಂದು ಅಕ್ಕ ದಾರಿಯುದ್ದಕ್ಕೂ ಕೇಳಿದಳು. ಇಂಗ್ಲಿಷ್ ಬರುತ್ತದೆಂದು ನನ್ನನ್ನು ಜೊತೆಗೆ ಕರೆದುಕೊಂಡಿದ್ದಳು. ನಾನು ಪತ್ರಿಕೆಯ ಕೆಲಸಕ್ಕೆ ರಜೆ ಹಾಕಿದ್ದೆ.

ದ್ವೀಪ ಚಿಕ್ಕದು. ಹೆಂಗಸೊಬ್ಬಳು ಚಪ್ಪಲಿ ಹುಡುಕಿ ಹಾಕಿಕೊಂಡು ಬರುವ ತನಕ ಚಾಲಕ ನಾವು ಹತ್ತಿದ್ದ ಬಸ್ಸನ್ನು ಅವಳ ಮನೆ ಮುಂದೆ ನಿಲ್ಲಿಸಿಕೊಂಡಿದ್ದ. ಯಾರೂ ಗೊಣಗಲಿಲ್ಲ. ನಾನು ಗಡಿಯಾರ ನೋಡಿದ್ದನ್ನು ಅಕ್ಕನ ಮಗಳು ಗಮನಿಸಿದಳು.

"ನಿಮ್ಮ ಪೇಪರ್ ಇಲ್ಲಿ ಇದ್ದಿದ್ರ ಇವತ್ತಿಂದು ನಾಳೆ ಸಂಜಿಕ ಬರ್ತಿತ್ತು, ಮಾಮಾ."

ಮರುದಿನ ಪಕ್ಕದ ಮನೆಯ ಹೆಂಗಸು ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಣಸನ್ನು ಬಟ್ಟಲಿನಲ್ಲಿ ಕೊಟ್ಟು ಹೋದಳು. ಗೆಣಸು ಖಾನಾಪುರದ ಹೊಲಗಳ ಬೆಳೆ; ಅದನ್ನು ಕಂಡು ಅಕ್ಕನಿಗೆ ಊರೇ ಎದುರು ಬಂದಷ್ಟು ಖುಷಿ. ತಿಂದಾದ ಕೂಡಲೇ ಬಟ್ಟಲು ತೊಳೆದು, ಬೆಳಗಾವಿಯಿಂದ ಒಯ್ದಿದ್ದ ಹಾಲಿನ ಸಿಹಿ ಕುಂದಾ ತುಂಬಿ ನನ್ನ ಕೈಯಲ್ಲಿ ಪಕ್ಕದ ಮನೆಗೆ ಕಳಿಸಿದಳು. ನಾವು ಹುಟ್ಟಿ ಬೆಳೆದ ಬೆಳಗಾವಿಯ ಅನಗೋಳದ ಓಣಿಯಲ್ಲಿ ಇಂದಿಗೂ ನೆರೆಮನೆಯ ಪಾತ್ರೆ ಖಾಲಿ ವಾಪಸ್ ಹೋಗುವುದಿಲ್ಲ. ಬೇರೇನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರುತ್ತದೆ.

ಸಂಜೆ ಆ ಹೆಂಗಸು ಅದೇ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ. "ನಾನೇನು ಬೆಲೆ ಕೇಳಿದ್ದೆನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಗಳು ತಾಯಿಗೆ ತಿಳಿಸಿ ಹೇಳಿದಳು: "ಅವ್ವಾ, ಈ ಓಣ್ಯಾಗ ಬಟ್ಟಲ ಲಗೂ ಹೊಳ್ಳಿ ಕೊಟ್ರ, ನಿಮ್ಮ ಸಂಬಂಧ ನಮಗ ಸಾಕು ಅಂದಂಗ."

ಅಕ್ಕ ಗಾಬರಿಯಾದಳು. "ಅಯ್ಯ, ಹಂಗಲ್ರಿ ಅಕ್ಕಾರ! ಒಳಗ ಬರ್ರಿ, ಕುಂದರ್ರಿ," ಎನ್ನುತ್ತ ಅವಳ ಕೈ ಹಿಡಿದೇ ಎಳೆದು ತಂದಳು. ಭಾಷೆ ತಿಳಿಯದಿದ್ದರೂ ಆ ಹೆಂಗಸು ಕುಳಿತಳು.

ಅವಳ ದನಿ ಕೇಳಿ ಕೂಸು ಅಂಬೆಗಾಲಿಡುತ್ತ ಬಂದು ಅವಳ ತೊಡೆ ಏರಿತು. ನಾವು ಬಂದಾಗಿನಿಂದ ಅಕ್ಕ ಎಷ್ಟು ಕರೆದರೂ ಬಾರದ ಕೂಸು ಅದು. ಅವಳು ಕೊರಳಿಗೆ ಸುತ್ತಿದ್ದ ವಸ್ತ್ರವನ್ನು ಎಳೆದು ಬಾಯಿಗಿಟ್ಟುಕೊಂಡಿತು. ಅವಳು ಅತ್ತ ನೋಡದೆಯೇ ಅದನ್ನು ಬಿಡಿಸಿ, ಜೇಬಿನಿಂದ ಮರದ ಚಮಚೆ ತೆಗೆದು ಕಚ್ಚಲು ಕೊಟ್ಟಳು.

"ಈಕಿ ದಿನಾ ನೋಡ್ಕೋತಾಳೇನ?" ಅಕ್ಕ ಕೇಳಿದಳು.

"ನಾ ಕಾಲೇಜಿಗೆ ಹೋದಾಗ ಕೂಸು ಇವರ ಮನ್ಯಾಗ ಇರ್ತೈತಿ. ಫೋನಿನ್ಯಾಗ ಹೇಳಿದ್ನಲ್ಲ, ಅವ್ವಾ."

"ಸಂಬಳದಾಕಿ ಅಂತ ತಿಳಕೊಂಡಿದ್ದೆ," ಎಂದಳು ಅಕ್ಕ, ಮೆಲ್ಲಗೆ.

ಹೊರಡುವ ದಿನ ಮಗಳು ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಅಕ್ಕ ಚೀಲ ಬಿಚ್ಚಿದಳು. ಅಂಗಿ, ಕುಲಾಯಿಗಳನ್ನು ಒಂದೊಂದಾಗಿ ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಉಳಿದ ಕುಂದಾವನ್ನು ಅಕ್ಕ ತನ್ನ ಸ್ಟೀಲ್ ಡಬ್ಬಿಗೆ ಹಾಕಿ ಪಕ್ಕದ ಮನೆಗೆ ತಾನೇ ಒಯ್ದು ಕೊಟ್ಟಳು.

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ವಿಮಾನ ಇಳಿದಾಗ ಭಾವ ಕೂಸಿಗೆಂದು ಹೊಸ ದುಪ್ಪಟಿ ಹಿಡಿದು ನಿಂತಿದ್ದರು. ನಮ್ಮಿಬ್ಬರ ಹಿಂದೆ ನೋಡಿದರು.

"ಕೂಸು ಎಲ್ಲೈತಿ?"

"ಅಲ್ಲೇ ಐತಿ. ನನ್ನ ಡಬ್ಬಿನೂ ಅಲ್ಲೇ ಐತಿ," ಎಂದಳು ಅಕ್ಕ. "ಲಗೂ ಹೊಳ್ಳಿ ಕೊಡಬ್ಯಾಡ್ರಿ ಅಂತ ಹೇಳಿ ಬಂದೀನಿ."