ಮುಷ್ಟಿಯೊಳಗಿನ ಫ್ಯೂಸು

ಕೊಪ್ಪದ ಕರೆಂಟ್ ದುಗ್ಗಪ್ಪ ನಮ್ಮ ಬಚ್ಚಲಿಗೆ ಬಂದದ್ದು ಇದು ಐದನೇ ಸಲ. ಕರೆಂಟಿನ ಶವರ್ ಮಾತ್ರ ಸತ್ತ ಹಾಗೇ ಇದೆ. ಬೆಳಿಗ್ಗೆ ಬಿಸಿನೀರು ಬೀಳದಿದ್ದರೆ ನನ್ನ ವಾತದ ಬೆರಳುಗಳನ್ನು ಮಡಚಲಾಗುವುದಿಲ್ಲ. ಹನ್ನೆರಡು ದಿನದಿಂದ ಸೆರಗನ್ನೂ ಸರಿಯಾಗಿ ಸಿಕ್ಕಿಸಿಕೊಂಡಿಲ್ಲ. ಅವನು ಚಪ್ಪಲಿ ಬಿಡುವ ಮೊದಲೇ "ಎಂತ ಆಗಿಲ್ಲ ಅಮ್ಮ, ಸಣ್ಣ ಲೂಸ್ ಕನೆಕ್ಷನ್" ಎನ್ನುತ್ತಾನೆ. ಮೊದಲ ಸಲ ವಯರು ಬದಲಿಸಿದ, ಎರಡನೇ ಸಲ ಸ್ವಿಚ್ಚು, ಮೂರನೇ ಸಲ ನೀರು ಸಣ್ಣಗೆ ಬರುತ್ತದೆಂದು ನಲ್ಲಿಯನ್ನು ಬೈದ. ಕಿವಿಯ ಸಂದಿಗೆ ಸಿಕ್ಕಿಸಿಕೊಂಡ ಟೆಸ್ಟರಿಗಾಗಿ ಬಚ್ಚಲೆಲ್ಲ ಹುಡುಕುತ್ತಾನೆ. ಆದರೆ ಒಂದು ನೇಮ ತಪ್ಪಿಸುವುದಿಲ್ಲ: ಫ್ಯೂಸು ಕಿತ್ತು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚುತ್ತಾನೆ. ಆಮೇಲೆ ಒಳಗಿನಿಂದ ನಿಮಿಷಕ್ಕೊಮ್ಮೆ, "ಅಮ್ಮಾ, ಕೈಯಲ್ಲೇ ಇದ್ಯಾ?" "ಇದೆ ಮಾರಾಯ, ನುಂಗಲಿಲ್ಲ." ಇವತ್ತು ನೋವು ತಡೆಯದೆ ಅದನ್ನು ಕಿಟಕಿಯ ಮೇಲಿಟ್ಟು "ಇದೆ" ಎಂದುಬಿಟ್ಟೆ. ಹೊರಗೆ ಬಂದವನು ಅದನ್ನು ನೋಡಿ, ಎತ್ತಿ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡ. "ಇಲ್ಲೇ ನಾರ್ವೆ ಊರಲ್ಲಿ ಒಂದ್ ಮನೇಲಿ ನಾನೂ ಕಿಟಕಿ ಮೇಲೇ ಇಟ್ಟಿದ್ದೆ ಅಮ್ಮ. ಇದ್ಯಾಕೆ ಇಲ್ಲಿದೆ ಅಂತ ಮನೆಯವ್ರು ತಗಂಡು ವಾಪಸ್ ಬೋರ್ಡಿಗೆ ಹಾಕಿಬಿಟ್ರು. ಒಳಗೆ ನನ್ನ ತಮ್ಮ ವಯರ್ ಹಿಡ್ಕಂಡಿದ್ದ." ಶವರ್ ಇವತ್ತೂ ಬಿಸಿಯಾಗಲಿಲ್ಲ. ನಾಳೆ ಬರುತ್ತಾನಂತೆ, ನಾಳೆಯೂ ಆಗುವುದಿಲ್ಲವೆಂದು ನನಗೆ ಗೊತ್ತು. ಬೇರೆಯವರನ್ನು ಕರೆಯಲು ಬಾಯಿ ಬರುತ್ತಿಲ್ಲ. ಅವನು ಹೋದಾಗಿನಿಂದ ಅಂಗೈಯಲ್ಲಿ ಫ್ಯೂಸಿನ ಬದಲು ಒಂದು ಗೋಟಡಿಕೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡುತ್ತಾ ಕುಳಿತಿದ್ದೇನೆ.